ಎರಡು ಆರೋಗ್ಯ ವಿಮೆಗಳಿದ್ದರೆ ಆಸ್ಪತ್ರೆ ಬಿಲ್ಲಿಗೆ ಬಳಸುವುದು ಹೇಗೆ?

"ಮಗ ಬೆಂಗಳೂರಿನ ಕಂಪನಿಯಲ್ಲಿದ್ದಾನೆ, ಅಲ್ಲಿನ ವಿಮೆಯಲ್ಲಿ ನಮ್ಮ ಹೆಸರೂ ಇದೆ. ಇಲ್ಲಿ ನಾವೇ ಒಂದು ಪಾಲಿಸಿ ಮಾಡಿಸಿದ್ದೇವೆ. ಎರಡನ್ನೂ ಬಳಸಬಹುದಾ ಡಾಕ್ಟರ್ ಸಾಬ್?" ಅಂತರಸಂತೆಯಲ್ಲಿ ನಾಡಿ ತೋರಿಸಲು ಬರುವ ಹಿರಿಯರು ಈಚೆಗೆ ಕೇಳುವ ಪ್ರಶ್ನೆ ಇದು. ಬಳಸಬಹುದು. ಇದು ಗೊತ್ತಿಲ್ಲದೆ, ಎರಡನೇ ಪಾಲಿಸಿ ಬೀರುವಿನಲ್ಲಿರುವಾಗಲೇ ಒಡವೆ ಅಡವಿಟ್ಟು ಬಿಲ್ ಕಟ್ಟುವ ಸ್ಥಿತಿ ಯಾರಿಗೂ ಬರಬಾರದು.

ವಿಮೆಯಲ್ಲಿ ಎರಡು ಬಗೆ

ಒಂದು, ಆಸ್ಪತ್ರೆಗೆ ನೀವು ಮಾಡಿದ ಖರ್ಚನ್ನು ತುಂಬಿಕೊಡುವ ವಿಮೆ. ಇಂಥ ಪಾಲಿಸಿಗಳು ಎಷ್ಟೇ ಇರಲಿ, ಎಲ್ಲ ಸೇರಿ ಬಿಲ್ಲಿಗಿಂತ ಹೆಚ್ಚು ಕೊಡುವುದಿಲ್ಲ. ಇನ್ನೊಂದು, ದಿನಕ್ಕೆ ಇಷ್ಟು ಅಥವಾ ಇಂಥ ಗಂಭೀರ ಕಾಯಿಲೆಗೆ ಇಷ್ಟು ಎಂದು ನಿಗದಿಯಾದ ಹಣ ಕೊಡುವ ವಿಮೆ. ಇದರಲ್ಲಿ ಬೇರೆ ಪಾಲಿಸಿಯಿಂದ ಹಣ ಬಂದಿದ್ದರೂ ನಿಗದಿತ ಮೊತ್ತ ಸಿಗುತ್ತದೆ.

ಒಂದೇ ಬಿಲ್ಲನ್ನು ಎರಡು ಕಡೆ ಕೊಟ್ಟು ಎರಡು ಪಟ್ಟು ಹಣ ಪಡೆಯುವುದು ವಂಚನೆ. ಅದು ನಮ್ಮ ಹಕ್ಕಲ್ಲ. ಹೊಸ ಪಾಲಿಸಿಯ ಅರ್ಜಿಯಲ್ಲಿ ಹಳೆಯ ಪಾಲಿಸಿಯನ್ನೂ ಇರುವ ಕಾಯಿಲೆಯನ್ನೂ ಮುಚ್ಚಿಡಬೇಡಿ.

ಯಾವುದು ಮೊದಲು?

ಆಯ್ಕೆ ನಿಮ್ಮದು. ಉದಾಹರಣೆಗೆ, ಮಗನ ಕಂಪನಿಯ ವಿಮೆ 3 ಲಕ್ಷ, ನಿಮ್ಮದು 2 ಲಕ್ಷ ಎಂದುಕೊಳ್ಳಿ. ಬಿಲ್ 1,80,000 ಆದರೆ ಯಾವುದಾದರೂ ಒಂದೇ ಸಾಕು. 4,20,000 ಆದರೆ ಮೊದಲು ಕಂಪನಿ ವಿಮೆಯಿಂದ 3 ಲಕ್ಷ, ಉಳಿದ 1,20,000 ನಿಮ್ಮ ಪಾಲಿಸಿಯಿಂದ. ಕೈಗವಸಿನಂತಹ ಕೆಲವು ಸಣ್ಣ ಖರ್ಚುಗಳನ್ನು ಮಾತ್ರ ಎರಡೂ ಬಿಡಬಹುದು.

ಸಾಮಾನ್ಯವಾಗಿ ಕಂಪನಿ ವಿಮೆಯನ್ನು ಮೊದಲು ಬಳಸುವುದು ಒಳ್ಳೆಯದು. ಸಕ್ಕರೆ ಕಾಯಿಲೆ, ಬಿಪಿಯಂತಹ ಹಳೆಯ ಕಾಯಿಲೆಗಳಿಗೂ ಅದರಲ್ಲಿ ಬಹುಪಾಲು ಕಾಯುವ ಅವಧಿ ಇರುವುದಿಲ್ಲ. ಸ್ವಂತ ಪಾಲಿಸಿಯಲ್ಲಿ ಹಳೆಯ ಕಾಯಿಲೆಗೆ 3 ವರ್ಷದವರೆಗೆ ಕಾಯಬೇಕಾಗಬಹುದು. ಅಲ್ಲದೆ ಸ್ವಂತ ಪಾಲಿಸಿ ಮುಟ್ಟದಿದ್ದರೆ ಅದರ ಬೋನಸ್ ಉಳಿಯುತ್ತದೆ.

ಕಾಗದಪತ್ರ

ಹಣ ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಮೂಲ ಬಿಲ್ಲುಗಳು ಮೊದಲ ಕಂಪನಿಗೆ ಹೋಗುತ್ತವೆ. ಆದ್ದರಿಂದ ಬಿಡುಗಡೆಯ ದಿನವೇ ಬಿಲ್, ಡಿಸ್ಚಾರ್ಜ್ ಪತ್ರ, ಪರೀಕ್ಷಾ ವರದಿಗಳ ಇನ್ನೊಂದು ಸೆಟ್ಟಿಗೆ ಆಸ್ಪತ್ರೆಯ ಮೊಹರು ಹಾಕಿಸಿಕೊಳ್ಳಿ. ಎಷ್ಟು ಕೊಟ್ಟೆವು, ಎಷ್ಟು ಕಡಿತ ಮಾಡಿದೆವು ಎಂಬ ಪತ್ರವನ್ನು ಮೊದಲ ಕಂಪನಿಯಿಂದ ಪಡೆದು ಎರಡನೆಯದಕ್ಕೆ ಕೊಡಿ. ದಾಖಲಾದಾಗಲೇ ಎರಡೂ ಕಂಪನಿಗಳಿಗೆ ತಿಳಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯಂತೆ, ಉಳಿದ ಹಣ ಬೇರೆ ಕಂಪನಿಯಿಂದ ಸಿಗುವಂತೆ ಹೊಂದಿಸಿಕೊಡುವುದು ಮೊದಲ ಕಂಪನಿಯ ಜವಾಬ್ದಾರಿ.

ಸರಕಾರಿ ಕಾರ್ಡ್ ಇದ್ದರೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬಿಪಿಎಲ್ ಕಾರ್ಡಿನಲ್ಲಿ ಸರಕಾರವೇ ಆಸ್ಪತ್ರೆಗೆ ಹಣ ಕಟ್ಟುವುದರಿಂದ ನಿಮ್ಮ ಕೈಯಲ್ಲಿ ಬಿಲ್ ಇರುವುದಿಲ್ಲ. ಅದೇ ಚಿಕಿತ್ಸೆಗೆ ಖಾಸಗಿ ವಿಮೆಯಿಂದ ಖರ್ಚು ಕೇಳಲಾಗದು. ಎಪಿಎಲ್‌ನವರು ತಮ್ಮ ಪಾಲು ಕಟ್ಟಿದ ರಸೀದಿ ಕೊಟ್ಟು ಖಾಸಗಿ ವಿಮೆಯಿಂದ ಕೇಳಬಹುದು. ತುರ್ತು ಅಲ್ಲದಿದ್ದರೆ ಮೈಸೂರಿಗೆ ಹೊರಡುವ ಮುನ್ನ ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆಯಲ್ಲಿ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ.

ಯುನಾನಿ ಚಿಕಿತ್ಸೆಗೂ ಇದೆ

ಯುನಾನಿ, ಆಯುರ್ವೇದ ಮುಂತಾದ ಆಯುಷ್ ಚಿಕಿತ್ಸೆಯನ್ನು ಇತರ ಚಿಕಿತ್ಸೆಗಳಂತೆಯೇ ಪರಿಗಣಿಸಬೇಕೆಂದು ಪ್ರಾಧಿಕಾರ 2024ರಲ್ಲಿ ಕಂಪನಿಗಳಿಗೆ ಹೇಳಿದೆ. ಆದರೆ ಇದು ಮುಖ್ಯವಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ದಾಖಲಾದವರಿಗೆ. ನನ್ನಂಥವರ ದವಾಖಾನೆಯಲ್ಲಿ ಕೊಳ್ಳುವ ಮಾಜೂನು, ಶರಬತ್ತಿನ ಖರ್ಚು ಸಾಮಾನ್ಯವಾಗಿ ಬರುವುದಿಲ್ಲ.

ಹಣ ನಿರಾಕರಿಸಿದರೆ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸರಿಕಾಣದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಇಂದೇ ಮನೆಯ ಎಲ್ಲ ಪಾಲಿಸಿ, ಪಡಿತರ ಚೀಟಿ, ಆರೋಗ್ಯ ಕಾರ್ಡುಗಳನ್ನು ಒಂದೇ ಚೀಲದಲ್ಲಿಡಿ. ಪಾಲಿಸಿ ನಂಬರುಗಳನ್ನು ಮನೆಯ ಹೆಂಗಸರಿಗೂ ತಿಳಿಸಿ. ಗಂಡಸರು ಊರಲ್ಲಿಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡಬೇಕಾದವರು ಅವರೇ.