ಹೊಟ್ಟೆಯುಬ್ಬರವೆಂದು ಅಲಕ್ಷಿಸದಿರಿ

ಭಾರತದ ಮೊದಲ ಪ್ರನಾಳ ಶಿಶು 1978ರ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಜನಿಸಿದಾಗ ನಂಬಿದವರು ಕಡಿಮೆ. ಈಗ ಬೆಂಗಳೂರಿನ ಕಲ್ಯಾಣ ನಗರದಂತಹ ಬಡಾವಣೆಗಳಲ್ಲೇ ಸಂತಾನ ಚಿಕಿತ್ಸಾ ಕೇಂದ್ರಗಳಿವೆ. ಆದರೆ ಈ ಚಿಕಿತ್ಸೆಯ ನಂತರ ಒಮ್ಮೊಮ್ಮೆ ತಲೆದೋರುವ ‘ಅಂಡಾಶಯದ ಅತಿಪ್ರಚೋದನೆ’ಯ ಪರಿಚಯ ಬಹಳ ಜನರಿಗಿಲ್ಲ.

ಸಹಜವಾಗಿ ತಿಂಗಳಿಗೊಂದು ಅಂಡ ಪಕ್ವವಾಗುತ್ತದೆ. ಚಿಕಿತ್ಸೆಗೆ ಹಲವು ಅಂಡಗಳು ಬೇಕು. ಅದಕ್ಕಾಗಿ ಹಾರ್ಮೋನು ಚುಚ್ಚುಮದ್ದು ಕೊಟ್ಟು, ಕೊನೆಯಲ್ಲಿ ಸಾಮಾನ್ಯವಾಗಿ ಎಚ್‌ಸಿಜಿ ನೀಡುತ್ತಾರೆ. ಕೆಲವರಲ್ಲಿ ಅಂಡಾಶಯ ಮಿತಿಮೀರಿ ಸ್ಪಂದಿಸಿ ಊದಿಕೊಳ್ಳುತ್ತದೆ. ಅಲ್ಲಿಂದ ಹೊರಡುವ ರಾಸಾಯನಿಕಗಳಿಂದ ಸೂಕ್ಷ್ಮ ರಕ್ತನಾಳಗಳು ಸೋರತೊಡಗುತ್ತವೆ. ಹೊಟ್ಟೆಯ ತುಂಬ ನೀರು, ರಕ್ತನಾಳದಲ್ಲಿ ಬರ! ಮಂದವಾದ ರಕ್ತ ಹೆಪ್ಪುಗಟ್ಟಬಹುದು, ಮೂತ್ರಪಿಂಡ ಸೋಲಬಹುದು.

ಪಿಸಿಓಎಸ್ ಇರುವವರಲ್ಲಿ, ಚಿಕ್ಕ ವಯಸ್ಸಿನವರಲ್ಲಿ ಇದರ ಸಂಭವ ಹೆಚ್ಚು. ಚುಚ್ಚುಮದ್ದಿನ ಕೆಲವು ದಿನಗಳಲ್ಲೇ ಕಾಣಿಸಬಹುದು. ಗರ್ಭ ನಿಂತರೆ ಹತ್ತು ದಿನಗಳ ಅನಂತರವೂ ಬರಬಹುದು. ಸೌಮ್ಯ ರೂಪದಲ್ಲಿ ಹೊಟ್ಟೆಯುಬ್ಬರ, ವಾಕರಿಕೆ ಅಷ್ಟೆ. ಆದರೆ ದಿನಕ್ಕೊಂದು ಕಿಲೋ ತೂಕ ಏರುವುದು, ಎಡೆಬಿಡದ ವಾಂತಿ, ಮೂತ್ರ ಕಡಿಮೆಯಾಗುವುದು, ಉಸಿರುಕಟ್ಟುವುದು, ಕಾಲು ಅಥವಾ ಕುತ್ತಿಗೆಯ ಒಂದು ಬದಿ ಊದಿಕೊಳ್ಳುವುದು ಕಂಡರೆ ಬೆಳಗಾಗಲೆಂದು ಕಾಯಬಾರದು. ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಅಲ್ಲಿ ಮೊದಲ ತೊಡಕೆಂದರೆ ಗುಟ್ಟು. ಚಿಕಿತ್ಸೆಯ ವಿಷಯ ಮನೆಯ ಹಿರಿಯರಿಗೇ ತಿಳಿದಿರುವುದಿಲ್ಲ. ಅತ್ತೆಯ ಎದುರು ಸೊಸೆ ಬಾಯಿ ಬಿಡುವುದಾದರೂ ಹೇಗೆ? ಹಾಗಾಗಿ ವೈದ್ಯರು ರೋಗಿಯನ್ನು ಒಬ್ಬಳನ್ನೇ ಕೇಳುವುದು ಒಳಿತು. ಗೊತ್ತಾಗದಿದ್ದರೆ ಗ್ಯಾಸ್ಟ್ರಿಕ್, ಅಪೆಂಡಿಸೈಟಿಸ್ ಎಂದು ದಾರಿ ತಪ್ಪುವ ಸಂಭವವುಂಟು.

ಊದಿದ ಅಂಡಾಶಯ ಒಡೆಯಬಹುದಾದ್ದರಿಂದ ಹೊಟ್ಟೆಯನ್ನು ಒತ್ತಿ ನೋಡಬಾರದು, ಅಲ್ಟ್ರಾಸೌಂಡ್ ಸಾಕು. ರಕ್ತದಲ್ಲಿ ಕಣಗಳ ಪಾಲು ಶೇ. 45 ದಾಟಿದ್ದರೆ ತೀವ್ರತೆಯ ಸೂಚನೆ. ಅಳತೆಯರಿತು ಡ್ರಿಪ್, ಅಗತ್ಯವಿದ್ದರೆ ಆಲ್ಬುಮಿನ್, ಹೆಪ್ಪುಗಟ್ಟದಂತೆ ಹೆಪಾರಿನ್, ಉಸಿರಾಟಕ್ಕೆ ಕಷ್ಟವಾದರೆ ಸೂಜಿಯಿಂದ ಹೊಟ್ಟೆಯ ನೀರು ತೆಗೆಯುವುದು, ಇದು ಚಿಕಿತ್ಸೆ. ಮೂತ್ರ ಕಡಿಮೆಯೆಂದು ಅವಸರದಲ್ಲಿ ಮೂತ್ರ ಹೆಚ್ಚಿಸುವ ಮದ್ದು ಕೊಟ್ಟರೆ ಒಣಗಿದ ಕೆರೆಗೆ ತೂಬು ತೆರೆದಂತೆ. ಅಂಡಾಶಯ ತಿರುಚಿಕೊಳ್ಳದೆ, ಒಡೆಯದೆ ಇದ್ದರೆ ಶಸ್ತ್ರಕ್ರಿಯೆ ಬೇಕಿಲ್ಲ.

ಅಂಡದಾನ ಮಾಡುವವರಿಗೂ ಇದೇ ಅಪಾಯವುಂಟು. 2021ರ ಕಾಯಿದೆಯಂತೆ 23ರಿಂದ 35 ವರ್ಷದೊಳಗಿನ ಮಹಿಳೆ ಜೀವನದಲ್ಲಿ ಒಮ್ಮೆ ಮಾತ್ರ ಅಂಡದಾನ ಮಾಡಬಹುದು. ಏಳಕ್ಕಿಂತ ಹೆಚ್ಚು ಅಂಡ ತೆಗೆಯುವಂತಿಲ್ಲ.

ಸಕಾಲದಲ್ಲಿ ಗುರುತಿಸಿದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ಚಿಕಿತ್ಸೆಯ ಚೀಟಿ, ಚುಚ್ಚುಮದ್ದಿನ ಹೆಸರು, ದಿನಾಂಕ ಕೈಚೀಲದಲ್ಲಿರಲಿ. ಮನೆಯವರಿಂದ ಮುಚ್ಚಿಟ್ಟರೂ ವೈದ್ಯರಿಂದ ಮುಚ್ಚಿಡಬೇಡಿ.