ಬಸವಕಲ್ಯಾಣದ ಕರಿಗಲ್ಲೂ ರಿಯೂನಿಯನ್ ದ್ವೀಪವೂ

ರಜೆಯ ದಿನಗಳನ್ನು ಕಡಲ ನಡುವಣ ದ್ವೀಪಗಳಲ್ಲಿ ಕಳೆಯಬೇಕೆಂಬ ಆಸೆ ಅನೇಕರಿಗುಂಟು. ಹಿಂದೂ ಮಹಾಸಾಗರದ ನೈಋತ್ಯ ಭಾಗದಲ್ಲಿರುವ ಮಾರಿಷಸ್, ಸೇಶೆಲ್ಸ್ ಮತ್ತು ರಿಯೂನಿಯನ್ ಇಂಥ ವಿಹಾರಕ್ಕೆ ಹೆಸರಾದವು. ಮೂರರಲ್ಲಿಯೂ ಫ್ರೆಂಚರ ಆಳಿಕೆಯ ಗುರುತು ಉಳಿದಿದೆ. ಮೂರರಲ್ಲಿಯೂ ಹೆಚ್ಚಿನ ಜನರ ಮನೆಮಾತು ಕ್ರಿಯೋಲ್. ಮಾರಿಷಸ್ ೧೯೬೮ರಲ್ಲಿಯೂ ಸೇಶೆಲ್ಸ್ ೧೯೭೬ರಲ್ಲಿಯೂ ಸ್ವತಂತ್ರವಾದುವು. ರಿಯೂನಿಯನ್ ಮಾತ್ರ ೧೯೪೬ರಿಂದ ಫ್ರಾನ್ಸ್ ದೇಶದ್ದೇ ಒಂದು ಆಡಳಿತ ವಿಭಾಗವಾಗಿದೆ. ಅಲ್ಲಿಗೆ ಹೋದವರನ್ನು ಬಹುವಾಗಿ ಸೆಳೆಯುವುದು ಪಿತೋಂ ದ ಲಾ ಫೂರ್ನೇಸ್ ಎಂಬ ಅಗ್ನಿಪರ್ವತ; ಹೆಸರಿನ ಅರ್ಥ 'ಕುಲುಮೆಯ ಶಿಖರ'. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳ ನೆಲಕ್ಕೂ ಆ ದೂರದ ಕುಲುಮೆಗೂ ಹಳೆಯ ನಂಟುಂಟೆಂದರೆ ವಾಚಕರಿಗೆ ಅಚ್ಚರಿಯಾದೀತು. ಆ ನಂಟು ಯಾವುದು, ಅದು ತಿಳಿದುದು ಹೇಗೆ ಎಂಬುದನ್ನು ನೋಡೋಣ.

ಮೊದಲು ನಮ್ಮ ಕಾಲಡಿಯ ನೆಲವನ್ನು ಗಮನಿಸೋಣ. ಬಸವಕಲ್ಯಾಣದ ಹೊಲಗಳಲ್ಲಿ ಬಾವಿ ತೋಡಿದರೆ ಎರೆಮಣ್ಣಿನ ಕೆಳಗೆ ಕರಿಗಲ್ಲು ಸಿಕ್ಕುತ್ತದೆ. ಹುಮನಾಬಾದಿನ ಸುತ್ತಣ ಎತ್ತರದ ಬಯಲುಗಳಲ್ಲಿ ಕೆಂಪು ಜಂಬಿಟ್ಟಿಗೆ ಕಾಣುತ್ತದೆ. ಅದರ ಅಡಿಯಲ್ಲಿಯೂ ಇರುವುದು ಅದೇ ಕರಿಗಲ್ಲು. ಕಪ್ಪು ಎರೆ, ಕೆಂಪು ಜಂಬಿಟ್ಟಿಗೆ ಇವೆರಡೂ ಈ ಕಲ್ಲು ಬಿಸಿಲು ಮಳೆಗಳಿಗೆ ಸಿಕ್ಕಿ ಶಿಥಿಲವಾದುದರ ಫಲ. ಈ ಕಲ್ಲಿಗೆ ಬಸಾಲ್ಟ್ ಎಂದು ಹೆಸರು. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಿದು, ಆರಿ, ಗಟ್ಟಿಗೊಂಡು ಇದಾಯಿತು. ಇಂದಿಗೂ ಅದು ಸುಮಾರು ೫ ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿದೆ. ಪಶ್ಚಿಮ ಘಟ್ಟಗಳಲ್ಲಿ ಅದರ ದಪ್ಪ ೨ ಕಿಲೋಮೀಟರಿಗೂ ಮಿಕ್ಕಿದ್ದು, ಪೂರ್ವಕ್ಕೆ ಬಂದಂತೆ ತೆಳುವಾಗುತ್ತದೆ. ಇದಕ್ಕೆ ದಖನ್ ಟ್ರ್ಯಾಪ್ ಎಂಬ ಹೆಸರಿದೆ. ಬೆಟ್ಟಗಳ ಮಗ್ಗುಲು ಮೆಟ್ಟಿಲು ಮೆಟ್ಟಿಲಾಗಿ ತೋರುವುದರಿಂದ, ಮೆಟ್ಟಿಲೆಂಬ ಅರ್ಥದ ಸ್ವೀಡನ್ ದೇಶದ ಮಾತಿನಿಂದ ಈ ಹೆಸರು ಬಂದಿತು.

ಅಷ್ಟೊಂದು ಲಾವಾ ಎಲ್ಲಿಂದ ಬಂದಿತು? ಭೂಮಿಯ ಆಳದಲ್ಲಿ ಕೆಲವೆಡೆ ಕಾವು ಮಿತಿಮೀರಿ, ಬಿಸಿಯಾದ ಶಿಲಾದ್ರವ್ಯವು ಕಂಬದಂತೆ ಮೇಲೇರುತ್ತದೆಂದು ವಿಜ್ಞಾನಿಗಳ ಅಭಿಪ್ರಾಯ. ಇಂಥ ಎಡೆಯನ್ನು ತಪ್ತಸ್ಥಾನವೆನ್ನಬಹುದು. ಅದು ಬಹುಮಟ್ಟಿಗೆ ನಿಂತಲ್ಲೇ ನಿಂತಿರುತ್ತದೆ. ಅದರ ಮೇಲಿನ ಭೂಫಲಕ ಮಾತ್ರ ಸರಿಯುತ್ತಿರುತ್ತದೆ. ಉರಿಯುವ ದೀಪದ ಕುಡಿಯ ಮೇಲೆ ಕಾಗದವೊಂದನ್ನು ಮೆಲ್ಲಗೆ ಎಳೆದರೆ ಸುಟ್ಟ ಕಲೆಗಳ ಸಾಲು ಮೂಡುವುದಷ್ಟೆ? ದೀಪ ಒಂದೇ, ಕಲೆಗಳು ಹಲವು. ದಖನ್ ಟ್ರ್ಯಾಪ್ ಈ ಸಾಲಿನ ಮೊದಲ ದೊಡ್ಡ ಕಲೆ, ರಿಯೂನಿಯನ್ ಈಚಿನದು.

ಇದು ನಿಜವಾದರೆ, ನಡುವಣ ಕಲೆಗಳು ದಕ್ಷಿಣಕ್ಕೆ ಹೋದಂತೆ ಎಳೆಯವಾಗಿರಬೇಕು. ೧೯೮೭ರಲ್ಲಿ ಸಾಗರತಳವನ್ನು ಕೊರೆಯುವ ಹಡಗೊಂದು ಈ ಮಾತನ್ನು ಪರೀಕ್ಷೆಗೊಡ್ಡಿತು. ಮಾಲ್ದೀವ್ ದಿಣ್ಣೆಯ ಹವಳಸುಣ್ಣದ ಅಡಿಯಲ್ಲಿ ಸಿಕ್ಕಿದ ಬಸಾಲ್ಟಿಗೆ ಸುಮಾರು ೫.೭ ಕೋಟಿ ವರ್ಷ, ಛಾಗೋಸ್ ಬಳಿಯದಕ್ಕೆ ೪.೯ ಕೋಟಿ, ಮ್ಯಾಸ್ಕರೀನ್ ದಿಣ್ಣೆಯದಕ್ಕೆ ೩.೩ ಕೋಟಿ ವರ್ಷ ವಯಸ್ಸಾಗಿತ್ತು. ಮಾರಿಷಸ್ ದ್ವೀಪದ ಹಳೆಯ ಶಿಲೆಗಳಿಗೆ ೮೦–೯೦ ಲಕ್ಷ ವರ್ಷ. ರಿಯೂನಿಯನ್ನಿನಲ್ಲಿ ನೀರಿನ ಮೇಲೆ ಕಾಣುವ ಶಿಲೆಗಳಿಗೆ ೨೦ ಲಕ್ಷ ವರ್ಷವಷ್ಟೆ. ಸಾಲು ತಪ್ಪಲಿಲ್ಲ. ಸೇಶೆಲ್ಸ್ ಮಾತ್ರ ಬೇರೆ ಬಗೆಯ ನಂಟ. ಅದರ ಮುಖ್ಯ ದ್ವೀಪಗಳು ಭಾರತದಿಂದ ಸುಮಾರು ೬.೩ ಕೋಟಿ ವರ್ಷಗಳ ಹಿಂದೆ ಅಗಲಿದ ಕಣಶಿಲೆಯ ತುಂಡುಗಳು.

ವಿದ್ಯಾರ್ಥಿಗಳು ಒಂದು ಸ್ಥೂಲವಾದ ಲೆಕ್ಕ ಮಾಡಬಹುದು. ಬಸವಕಲ್ಯಾಣವು ಸುಮಾರು ೧೮ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ರಿಯೂನಿಯನ್ ೨೧ ಡಿಗ್ರಿ ದಕ್ಷಿಣದಲ್ಲಿದೆ. ನಡುವಣ ೩೯ ಡಿಗ್ರಿಗಳು ಸುಮಾರು ೪,೩೦೦ ಕಿಲೋಮೀಟರ್. ಅದನ್ನು ೬.೬ ಕೋಟಿ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸರಾಸರಿ ಆರೂವರೆ ಸೆಂಟಿಮೀಟರ್ ಬರುತ್ತದೆ. ಇಷ್ಟು ಮೆಲ್ಲಗೆ ನಮ್ಮ ನಾಡು ಉತ್ತರಕ್ಕೆ ಸರಿದು ಬಂದಿದೆ.

ದೀಪ ಇನ್ನೂ ಆರಿಲ್ಲ. ೨೦೦೭ರ ಏಪ್ರಿಲಿನಲ್ಲಿ ಕುಲುಮೆಯ ಶಿಖರದಿಂದ ಹೊರಟ ಲಾವಾ ಕರಾವಳಿಯ ಹೆದ್ದಾರಿಯನ್ನು ದಾಟಿ ಕಡಲನ್ನು ಸೇರಿತು. ಶಿಖರದ ಬಾಯಿ ೩೦೦ ಮೀಟರಿಗೂ ಹೆಚ್ಚು ಆಳಕ್ಕೆ ಕುಸಿಯಿತು. ದಖನ್ನಿನ ಪ್ರವಾಹದೆದುರು ಇದು ಕಿರುತೊರೆಯಷ್ಟೆ.

ಈ ಬೆಂಕಿಯ ನೆಲದಲ್ಲಿ ಹದಿನೇಳನೆಯ ಶತಮಾನದವರೆಗೆ ಜನವಸತಿಯಿರಲಿಲ್ಲ. ಫ್ರೆಂಚರು ನೆಲಸಿ, ಆಫ್ರಿಕ, ಮಡಗಾಸ್ಕರ್‌ಗಳಿಂದ ಜನರನ್ನು ಗುಲಾಮರನ್ನಾಗಿ ತಂದರು. ೧೮೪೮ರ ಡಿಸೆಂಬರ್ ೨೦ರಂದು ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಭಾರತದಿಂದ, ಬಹುಪಾಲು ತಮಿಳುನಾಡಿನಿಂದ, ಕರಾರಿನ ಕೂಲಿಗಳು ಬಂದರು. ಇವರೆಲ್ಲರ ಬಾಳಿನಿಂದ ಕ್ರಿಯೋಲ್ ನುಡಿ ಬೆಳೆಯಿತು. ಅದರ ಶಬ್ದಗಳು ಹೆಚ್ಚಾಗಿ ಫ್ರೆಂಚಿನವು, ವ್ಯಾಕರಣ ಅದರದೇ. ಇಂದು ಪ್ರವಾಸಿಗರಿಗೆ ಬಡಿಸುವ ಅನ್ನ, ಕಾಳು, 'ಕಾರಿ' ಎಂಬ ಮಸಾಲೆಯ ಪದಾರ್ಥಗಳಲ್ಲಿಯೂ ಈ ಬೆರಕೆಯಿದೆ. ಅಲ್ಲಿ ವೆನಿಲಾ ಬಳ್ಳಿ ಬಹುಕಾಲ ಕಾಯಿ ಬಿಡುತ್ತಿರಲಿಲ್ಲ. ೧೮೪೧ರಲ್ಲಿ ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕನು ಕಡ್ಡಿಯಿಂದ ಹೂವಿಗೆ ಪರಾಗಸ್ಪರ್ಶ ಮಾಡುವ ಸುಲಭ ರೀತಿಯನ್ನು ಕಂಡುಹಿಡಿದನು. ನಮ್ಮ ಮಲೆನಾಡಿನ ವೆನಿಲಾ ಬೆಳೆಗಾರರು ಮಾಡುವುದೂ ಅದನ್ನೇ. ಆ ವಿದ್ಯೆಯಿಂದ ಇತರರು ಧನಿಕರಾದರು. ಅವನು ೧೮೮೦ರಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ಎಲ್ಲ ಪ್ರಶ್ನೆಗಳೂ ಬಗೆಹರಿದಿಲ್ಲ. ದಖನ್ನಿನ ಲಾವಾಕ್ಕೆ ತಪ್ತಸ್ಥಾನವೊಂದೇ ಸಾಕೆ, ಡೈನೋಸಾರ್‌ಗಳ ಅಳಿವಿನಲ್ಲಿ ಅದರ ಪಾಲೆಷ್ಟು, ಮೆಕ್ಸಿಕೋದಲ್ಲಿ ಬಿದ್ದ ಆಕಾಶಕಾಯದ ಪಾಲೆಷ್ಟು ಎಂಬ ಚರ್ಚೆ ನಡೆದಿದೆ. ಆದರೆ ನಂಟಿನ ಗುರುತನ್ನು ಯಾರಾದರೂ ಕಾಣಬಹುದು. ರಿಯೂನಿಯನ್ನಿನ ಹೊಸ ಲಾವಾಕಲ್ಲಿನಲ್ಲಿ ಅನಿಲವು ಬಿಟ್ಟುಹೋದ ಗುಳ್ಳೆಗಳು ಬರಿದಾಗಿವೆ. ಬಸವಕಲ್ಯಾಣದ ಸುತ್ತ ಹೊಸದಾಗಿ ತೋಡಿದ ಬಾವಿಯ ಕಲ್ಲನ್ನು ಒಡೆದು ನೋಡಿದರೆ ಅಂಥವೇ ಗುಳ್ಳೆಗಳು ಹಲವೆಡೆ ಸಿಕ್ಕುತ್ತವೆ. ಕೋಟ್ಯಂತರ ವರ್ಷ ಒಸರಿದ ನೀರು ಅವುಗಳಲ್ಲಿ ಬಿಳಿಯ ಖನಿಜವನ್ನು ತುಂಬಿರುತ್ತದೆ.