ಉಪಕರಣವು ಯಾರ ಕೈಯಲ್ಲಿ?

ಯಂತ್ರವು ತನ್ನನ್ನು ತಾನೇ ತಿದ್ದಿಕೊಂಡು ನಡೆಯುವಂತೆ ಮಾಡುವ ವಿದ್ಯೆಯು ನಮ್ಮವರಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದ ಬಾಗಿಲುಗಳು, ನೀರು ಮೇರೆ ಮೀರಿದೊಡನೆ ತಾವಾಗಿ ತೆರೆದು, ಇಳಿದೊಡನೆ ತಾವಾಗಿ ಮುಚ್ಚಿಕೊಳ್ಳುತ್ತಿದ್ದುವು. ಇಂದು ಆ ನಿಯಂತ್ರಣವಿದ್ಯೆಯು ವಿಮಾನ, ವಿದ್ಯುದಾಗಾರ, ಮೋಟಾರು ವಾಹನಗಳನ್ನೆಲ್ಲ ವ್ಯಾಪಿಸಿದೆ.

ಅದನ್ನು ಸಾಧಿಸುವ ಬಗೆ ಮಾತ್ರ ಬದಲಾಗಿದೆ. ಇಂಜಿನಿಯರನು ಗಣಕಯಂತ್ರದ ತೆರೆಯ ಮೇಲೆ ಚೌಕಗಳನ್ನು ಇರಿಸಿ ಗೆರೆಗಳಿಂದ ಜೋಡಿಸುತ್ತಾನೆ. ಒಂದು ಚೌಕವು ಕೂಡುವುದು, ಒಂದು ಗುಣಿಸುವುದು, ಮತ್ತೊಂದು ಯಂತ್ರದ ಗುಣವನ್ನೇ ಗಣಿತರೂಪದಲ್ಲಿ ಹೊತ್ತಿರುವುದು. ಫಲವನ್ನು ಮರಳಿ ಮೊದಲಿಗೆ ತಂದು, ಬೇಕಾದುದಕ್ಕೂ ಆದುದಕ್ಕೂ ಇರುವ ಅಂತರವನ್ನು ಅಳೆದು ತಿದ್ದುವುದೇ ಇದರ ಜೀವಾಳ. ಗುಂಡಿಯೊತ್ತಿದರೆ ಯಂತ್ರದ ನಡೆಯು ರೇಖೆಯಾಗಿ ಮೂಡುವುದು. ತಿದ್ದುವಿಕೆಯು ಅತಿಯಾದರೆ ರೇಖೆ ತೂಗಾಡುವುದು, ಸಾಲದಾದರೆ ತೆವಳುವುದು. ಕಬ್ಬಿಣವನ್ನು ಕಡಿಯುವ ಮುನ್ನವೇ ಹಲವು ದೋಷಗಳು ಹೀಗೆ ಬಯಲಾಗುವುವು.

ಈ ಕೆಲಸಕ್ಕೆ ಜಗತ್ತಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಅಮೆರಿಕದ ಮ್ಯಾಥ್‌ವರ್ಕ್ಸ್ ಕಂಪನಿಯ ಮ್ಯಾಟ್‌ಲ್ಯಾಬ್ ಮತ್ತು ಸಿಮ್ಯುಲಿಂಕ್. ಅದರ ಗುಣದಲ್ಲಿ ನಮಗೆ ಸಂದೇಹವಿಲ್ಲ. ಆದರೆ ಕೊಳ್ಳುವವನಿಗೆ ದೊರೆಯುವುದು ಬಳಸುವ ಅನುಮತಿಯೇ ಹೊರತು ಒಡೆತನವಲ್ಲ. 2020ರಲ್ಲಿ ಅಮೆರಿಕ ಸರಕಾರದ ನಿರ್ಬಂಧದ ಫಲವಾಗಿ ಚೀನಾದ ಹಾರ್ಬಿನ್ ತಂತ್ರವಿದ್ಯಾ ಸಂಸ್ಥೆಗೆ ಈ ಅನುಮತಿಯು ತಪ್ಪಿಹೋಯಿತು. ಸರಕಾರಗಳ ಜಗಳದಲ್ಲಿ ಬೀಗ ಬಿದ್ದುದು ವಿದ್ಯಾರ್ಥಿಯ ಪಾಠಕ್ಕೆ.

ಇಂಥ ಪೆಟ್ಟನ್ನು ನಾವೂ ತಿಂದಿದ್ದೇವೆ. 1998ರ ಪೋಖರಣ್ ಪರೀಕ್ಷೆಗಳ ತರುವಾಯ ಅಮೆರಿಕದವರು, ನಮ್ಮ ಲಘು ಯುದ್ಧವಿಮಾನದ ಹಾರಾಟ ನಿಯಂತ್ರಣ ಕಾರ್ಯದಲ್ಲಿ ನೀಡುತ್ತಿದ್ದ ಸಹಕಾರವನ್ನು ನಿಲ್ಲಿಸಿದರು. ಕ್ಷಣಕ್ಷಣಕ್ಕೂ ಗಣಕವು ತಿದ್ದದಿದ್ದರೆ ಆ ವಿಮಾನವು ಸ್ಥಿರವಾಗಿ ನಿಲ್ಲಲಾರದು. ಆದರೂ ಬೆಂಗಳೂರಿನ ತಜ್ಞರು ಎದೆಗುಂದದೆ ನಿಯಂತ್ರಣಸೂತ್ರಗಳನ್ನು ತಾವೇ ಪೂರೈಸಿದರು. 2001ರ ಜನವರಿ 4ರಂದು ವಿಮಾನವು ಬೆಂಗಳೂರಿನ ಆಕಾಶಕ್ಕೇರಿತು. ವಿದ್ಯೆಯು ನಮ್ಮವರ ತಲೆಯಲ್ಲಿ ಇದ್ದುದರಿಂದ ಕಾರ್ಯವು ಉಳಿಯಿತು.

ವಿದ್ಯೆಯೊಡನೆ ಉಪಕರಣವೂ ಕೈವಶವಾಗಿರಬೇಕಾದರೆ ದಾರಿಯುಂಟು. ಫ್ರಾನ್ಸಿನಲ್ಲಿ ಹುಟ್ಟಿದ ಸೈಲ್ಯಾಬ್ ಎಂಬ ತಂತ್ರಾಂಶವು ಉಚಿತವಾದುದು. ಅದರ ಮೂಲಲಿಪಿಯನ್ನು ಯಾರಾದರೂ ಓದಬಹುದು, ತಿದ್ದಬಹುದು. ಚೌಕ ಜೋಡಿಸುವ ಕೆಲಸಕ್ಕೆ ಅದರಲ್ಲಿ ಎಕ್ಸ್‌ಕಾಸ್ ಇದೆ. ಮುಂಬಯಿಯ ಐ.ಐ.ಟಿ.ಯ ಫಾಸ್ಸೀ ಯೋಜನೆಯವರು ಕೇಂದ್ರ ಸರಕಾರದ ನೆರವಿನಿಂದ ಇದರ ಪ್ರಚಾರಕ್ಕೆ ದುಡಿದಿದ್ದಾರೆ.

ಉದ್ಯಮಗಳು ಸಿಮ್ಯುಲಿಂಕನ್ನೇ ಕೇಳುವಾಗ ಬೇರೆಯದನ್ನು ಕಲಿತು ಫಲವೇನೆಂದು ಕೆಲವರು ಆಕ್ಷೇಪಿಸಬಹುದು. ಅದನ್ನೂ ಕಲಿಯಲಿ, ಬೇಡವೆನ್ನುವವರು ನಾವಲ್ಲ. ಆದರೆ ಹಿಂಬರಿಕೆಯ ತತ್ತ್ವವು ಎರಡರಲ್ಲಿಯೂ ಒಂದೇ. ಒಂದರಲ್ಲಿ ಪಳಗಿದವನಿಗೆ ಇನ್ನೊಂದು ದೂರವಲ್ಲ. ಮೇಲಾಗಿ, ಕಾಲೇಜಿನ ಪ್ರಯೋಗಶಾಲೆಯ ಬಾಗಿಲು ಮುಚ್ಚಿದ ಮೇಲೆ ಬಡ ವಿದ್ಯಾರ್ಥಿಯು ಮನೆಯಲ್ಲಿಯೂ ಅಭ್ಯಾಸಮಾಡಬಲ್ಲದ್ದು ಉಚಿತವಾದುದನ್ನೇ.

ಆದುದರಿಂದ ವಿಶ್ವವಿದ್ಯಾಲಯದ ಅಧಿಕಾರಿಗಳಲ್ಲಿ ನಮ್ಮ ವಿನಂತಿಯಿಷ್ಟೆ: ಪಠ್ಯಕ್ರಮದಲ್ಲಿ ಒಂದು ಕಂಪನಿಯ ಹೆಸರನ್ನೇ ವಿಧಿಸದಿರಿ, ಪ್ರತಿಯೊಂದು ಪ್ರಯೋಗಶಾಲೆಯಲ್ಲಿಯೂ ಮುಕ್ತ ತಂತ್ರಾಂಶವೊಂದನ್ನು ಕಡ್ಡಾಯವಾಗಿ ಕಲಿಸಿರಿ. ಪರರ ಬೀಗದ ಕೈಯನ್ನು ನಂಬಿ ಕಣಜ ಕಟ್ಟುವುದು ವಿವೇಕವಲ್ಲ.